ಹುಣಸೆಮರದ ಕೆಳಗೆ ಸೋಫಾ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಆಮೇಲೆ ಯಾರೋ ಎದ್ದು ನಿಂತು ‘ಆವತ್ತು ಸೀರೆಯುಟ್ಟವನು ಇವನೇ ಅಲ್ಲವೇ’ ಎಂದು ಬೆರಳು ತೋರಿಸುವುದು ಬೇಡ. ಹೌದು, ಗಣೇಶನ ಹಬ್ಬದ ನಾಟಕದ ಸಂಜೆ ನಮ್ಮಮ್ಮನ ರೇಷ್ಮೆ ಸೀರೆಯುಟ್ಟು, ಹುಣಸೆಮರಕ್ಕೆ ಅಡ್ಡವಾಗಿ ನಿಂತು, ಬೈರಸಂದ್ರದ ಅಜ್ಜಿಯಿಂದ ಇಡೀ ಜಯನಗರದ ಎದುರು ಬೈಸಿಕೊಂಡ ಹೆಂಗಸು ನಾನೇ. ಆ ಅಜ್ಜಿಯನ್ನು ಕರೆತಂದು ಮುಂದಿನ ಚಾಪೆಯಲ್ಲಿ ಕೂರಿಸಿದವನೂ ನಾನೇ. ನಮ್ಮ ಗೂಟದ ರಾಯರು ಈ ಭೂಮಿಯ ಮೇಲೆ ಯಾರಿಗಾದರೂ ಹೆದರುತ್ತಿದ್ದರೆ ಅದು ಆ ಅಜ್ಜಿ ಒಬ್ಬಳಿಗೇ ಎಂದು ಗೊತ್ತಿದ್ದೂ ಕೂರಿಸಿದೆ. ಗೊತ್ತಿದ್ದೂ ಎನ್ನುವುದು ಸ್ವಲ್ಪ ಹೆಚ್ಚಾಯಿತು. ಗೊತ್ತಿತ್ತು, ಆದರೆ ಆ ಹೊತ್ತಿಗೆ ನನ್ನ ತಲೆಯಲ್ಲಿ ಇರಲಿಲ್ಲ. ನನ್ನ ತಲೆಯಲ್ಲಿ ಆಗ ಇದ್ದದ್ದು ಚೌರಿಯೊಂದೇ.

ರಾಯರು ಕಳೆದ ತಿಂಗಳು ಹೋಗಿಬಿಟ್ಟರು. ಬೀದಿಯವರೆಲ್ಲ ಸೇರಿ ಶೋಕಸಭೆ ಮಾಡಿದೆವು. ಎಲ್ಲರೂ ಎದ್ದು ‘ಸರಳ ಜೀವಿ, ಸ್ನೇಹಜೀವಿ’ ಎಂದು ಹೇಳಿ ಕೂತರು. ನನ್ನ ಸರದಿ ಬಂತು. ಎದ್ದೆ. ನನ್ನ ದನಿ ಹೊರಡಲೇ ಇಲ್ಲ. ಹೊರಟದ್ದು ಅವರ ದನಿ, ಮೂಗಿನಿಂದ, ಆಫೀಸಿನ ಗತ್ತಿನಲ್ಲಿ: “ಏನಯ್ಯಾ ಇದು! ಕುರ್ಚಿ ಒಂದೂ ಲೈನಿನಲ್ಲಿಲ್ಲ!”

ಸಭೆ ಹೌಹಾರಿತು. ನಾನೂ ಹೌಹಾರಿದೆ. ಮೊದಲು ನಕ್ಕವರು ರಾಯರ ಹೆಂಡತಿ. ಸೆರಗು ಬಾಯಿಗೆ ಒತ್ತಿಕೊಂಡು ನಕ್ಕು ನಕ್ಕು, ಕಣ್ಣೊರೆಸಿಕೊಂಡು, “ಹೂಂ, ಅವರೇ. ಥೇಟು ಅವರೇ” ಎಂದರು. ಆಮೇಲೆ ಪಕ್ಕದಲ್ಲಿದ್ದವರು ನಕ್ಕರು, ಹಿಂದಿನವರು ನಕ್ಕರು, ಶೋಕಸಭೆಯ ಶೋಕ ಅಲ್ಲಿಗೆ ಮುಗಿಯಿತು. ಹೋಗುವಾಗ ಆಕೆ ನನ್ನನ್ನು ನಿಲ್ಲಿಸಿ, “ಬಾಯಲ್ಲಿ ಕುಣಿಸಿದ್ದು ಸಾಕು, ಬರೆದಿಡೋ. ನಿನ್ನ ಗಂಟಲು ಎಷ್ಟು ದಿನ ಇರುತ್ತೆ?” ಎಂದರು. ಅದಕ್ಕೇ ಇದು.

ಗೂಟದ ರಾಯರು ಎಂಬ ಹೆಸರು ನಾನಿಟ್ಟದ್ದು. ಅವರ ನಿಜವಾದ ಹೆಸರು ಬರೆದರೆ ಬೀದಿಯಲ್ಲಿ ಅರ್ಧ ಜನಕ್ಕೆ ಯಾರೆಂದೇ ತಿಳಿಯುವುದಿಲ್ಲ, ಆದ್ದರಿಂದ ಬರೆಯುವುದಿಲ್ಲ. ಜಯನಗರ ಇನ್ನೂ ಹೊಲ, ತೋಪು, ಕೆರೆಯಂಗಳ ಆಗಿದ್ದಾಗ ಸರಪಳಿ ಹಿಡಿದು ಅಳೆದು, ಇಲ್ಲಿ ರಸ್ತೆ, ಇಲ್ಲಿ ಸೈಟು ಎಂದು ಗೂಟ ಹೊಡೆಸಿದ ಸರ್ವೇ ನೌಕರರಲ್ಲಿ ಅವರೊಬ್ಬರು. ರಿಟೈರಾದ ಮೇಲೆ ತಾವೇ ಹೊಡೆಸಿದ ಗೂಟಗಳ ನಡುವೆ ಒಂದು ಮನೆ ಕಟ್ಟಿಕೊಂಡು ಬಂದರು. ನಮ್ಮ ಮನೆಯ ಓರೆಗೆ, ನಡುವೆ ಒಂದು ಖಾಲಿ ಸೈಟು.

ಈ ಖಾಲಿ ಸೈಟನ್ನು ದಾಟಿದರೆ ಅವರ ಮನೆಯಿಂದ ನಮ್ಮ ಮನೆಗೆ ಒಂದು ಕೂಗಿನ ದೂರ. ದನ ದಾಟುತ್ತಿತ್ತು, ಹಾಲಿನವನು ದಾಟುತ್ತಿದ್ದ, ಪೋಸ್ಟ್‌ಮನ್ ಸೈಕಲ್ ಸಮೇತ ದಾಟುತ್ತಿದ್ದ. ರಾಯರು ಮಾತ್ರ ರಸ್ತೆಗಿಳಿದು, ಮೂಲೆಯವರೆಗೆ ನೆಟ್ಟಗೆ ನಡೆದು, ಪೊಲೀಸು ಪೆರೇಡಿನಂತೆ ತಿರುಗಿ, ಮತ್ತೆ ನೆಟ್ಟಗೆ ನಡೆದು ನಮ್ಮ ಗೇಟಿಗೆ ಬರುತ್ತಿದ್ದರು.

“ರಾಯರೇ, ಅಡ್ಡ ಬರಬಾರದೇ? ಖಾಲಿ ಇದೆಯಲ್ಲ” ಎಂದೆ ಒಮ್ಮೆ.

“ಖಾಲಿ ಎಲ್ಲಯ್ಯಾ? ನೀನು ಹೇಳೋ ದಾರಿಗೆ ಮಧ್ಯೆ ಅವರ ಬೆಡ್‌ರೂಮು ಬರುತ್ತೆ. ಗಂಡ ಹೆಂಡತಿ ಇರೋ ಕಡೆ ನುಗ್ಗಕ್ಕಾಗುತ್ತಾ?”

ಆ ಸೈಟಿನ ಗಂಡ ಹೆಂಡತಿ ಆಗಿನ್ನೂ ಬಳೇಪೇಟೆಯ ಬಾಡಿಗೆ ಮನೆಯಲ್ಲಿದ್ದರು. ಮನೆಗೆ ಪಾಯವೂ ತೋಡಿರಲಿಲ್ಲ.

ರಾಯರ ಕಣ್ಣಿಗೆ ಇಲ್ಲದ್ದೆಲ್ಲ ಕಾಣುತ್ತಿತ್ತು. ಬರಲಿರುವುದೂ ಕಾಣುತ್ತಿತ್ತು, ಹೋದದ್ದೂ ಕಾಣುತ್ತಿತ್ತು. ಮುಖ್ಯವಾಗಿ, ಹೋದ ಮರಗಳು. ನಮ್ಮ ಬಡಾವಣೆ ಆಗ ಹೇಗಿತ್ತೆಂದರೆ, ಬೀದಿಯಲ್ಲಿ ಎಲ್ಲಕ್ಕಿಂತ ಎತ್ತರದ ಗಿಡ ಲೈಟುಕಂಬ. ಕಾರ್ಪೊರೇಷನ್ನಿನವರು ನೆಟ್ಟ ಸಸಿಗಳಿಗೆ ಬಿದಿರಿನ ಬುಟ್ಟಿ ಇತ್ತು. ಬುಟ್ಟಿ ಚೆನ್ನಾಗಿ ಬೆಳೆದಿತ್ತು, ಒಳಗಿನ ಸಸಿಯನ್ನು ಮೇಕೆ ತಿಂದಿತ್ತು. ಮಧ್ಯಾಹ್ನ ನೆರಳು ಬೇಕಾದರೆ ಕೊಡೆ ಬಿಚ್ಚಬೇಕು. ಅಂಥ ಬೀದಿಯಲ್ಲಿ ರಾಯರು ಮನೆಯವರನ್ನೆಲ್ಲ ಮರದ ಹೆಸರಿನಿಂದ ಕರೆಯುತ್ತಿದ್ದರು. “ಬೇವಿನಮರದವರ ಮಗಳಿಗೆ ಗಂಡು ಗೊತ್ತಾಯ್ತಂತೆ.” “ಎರಡು ಹೊಂಗೆಯವರ ಮನೇಲಿ ಕಳ್ಳತನ ಆಯ್ತಂತೆ.” ಯಾವ ಸೈಟಿನಲ್ಲಿ ಯಾವ ಮರವಿತ್ತೋ ಅದೇ ಅಲ್ಲಿನವರ ಮನೆತನದ ಹೆಸರು. ನಾವು ಹಲಸಿನಮರದವರು.

ಇದನ್ನು ಅವರು ನಮ್ಮಮ್ಮನಿಗೆ ಹೇಳಿದ ದಿನ ನಾನಿದ್ದೆ.

“ಅಮ್ಮಾ, ನೀವು ಒಗ್ಗರಣೆ ಹಾಕ್ತೀರಲ್ಲ, ಸರಿಯಾಗಿ ಅಲ್ಲೇ ಬುಡ. ಇಬ್ಬರು ತಬ್ಬಿದರೂ ಸಾಲದು, ಅಂಥಾ ಹಲಸು.”

ನಮ್ಮಮ್ಮ ಒಲೆಯನ್ನೊಮ್ಮೆ ನೋಡಿ, “ಅಯ್ಯೋ, ಅದಕ್ಕೇ ನೋಡಿ ಅಡುಗೆಮನೇಲಿ ಇಷ್ಟೊಂದು ನೊಣ!” ಎಂದಳು.

ಮುಂದಿನ ವಾರ ರಾಯರು ಆ ಹಲಸಿನಮರದ ಚಿತ್ರ ಬರೆದು ತಂದುಕೊಟ್ಟರು. ನಮ್ಮಪ್ಪ ಅದಕ್ಕೆ ಕಟ್ಟು ಹಾಕಿಸಿ ದೇವರ ಪಟಗಳ ಸಾಲಿನಲ್ಲಿ ನೇತುಹಾಕಿದರು. ಬಂದ ನೆಂಟರು ಲಕ್ಷ್ಮಿಗೆ, ಸರಸ್ವತಿಗೆ, ಹಲಸಿನಮರಕ್ಕೆ ಒಂದೇ ಸಮ ಕೈಮುಗಿಯುತ್ತಿದ್ದರು. ಹಾಗೆ ಬೀದಿಯ ಎಷ್ಟೋ ಮನೆಗಳಲ್ಲಿ ಅವರವರ ಮರ ಗೋಡೆಯ ಮೇಲೆ ಇತ್ತು. ಹೊರಗೆ ಬಿಸಿಲು, ಒಳಗೆ ತೋಪು.

ಅವರು ಬರೆಯುವುದನ್ನು ನೋಡಬೇಕು. ಬೆಳಿಗ್ಗೆ ಕಾಫಿ ಆದ ಮೇಲೆ ಜಗಲಿಯಲ್ಲಿ ಮಣೆ ಹಾಕಿಕೊಂಡು, ಎದುರಿನ ಬಯಲಿಗೆ ಹೆಬ್ಬೆರಳು ಚಾಚಿ, ಒಂದು ಕಣ್ಣು ಮುಚ್ಚಿ, ಅಲ್ಲಿಲ್ಲದ ಮರವನ್ನು ಅಳೆಯುತ್ತಿದ್ದರು. ಅಳತೆ ಸಿಕ್ಕಿತೆಂದರೆ “ಹಾಂ, ಗುರುತು ಸರಿ” ಎನ್ನುತ್ತಿದ್ದರು. ಮರವನ್ನು ಯಾವಾಗಲೂ ಬುಡದಿಂದ ಮೇಲಕ್ಕೆ ಬರೆಯುವುದು. ನಾನೊಮ್ಮೆ ಎಲೆಯಿಂದ ಶುರುಮಾಡಿದ್ದಕ್ಕೆ, “ನಿನ್ನ ಮರ ಆಕಾಶದಿಂದ ನೇತಾಡ್ತಾ ಇದೆಯೇನೋ?” ಎಂದು ಕುಂಚ ಕಿತ್ತುಕೊಂಡಿದ್ದರು. ಎಲೆಗೆ ಬಂದಾಗ ಮಾತು ನಿಲ್ಲುತ್ತಿತ್ತು. ಬದಲಿಗೆ ಯಾವ ರಾಗಕ್ಕೂ ಸೇರದ ಒಂದು ಗುಂಯ್‌ಗುಡುವಿಕೆ. ನಾನು ಆ ಗುಂಯ್ಯನ್ನು ಅಭ್ಯಾಸ ಮಾಡಿ, ಗೋಡೆಯಾಚೆಯಿಂದ ಜೊತೆಗೂಡಿಸುತ್ತಿದ್ದೆ. ಅವರ ಹೆಂಡತಿ ಒಳಗಿನಿಂದ, “ಯಾರಾದರೂ ಒಬ್ಬರು ನಿಲ್ಲಿಸಿ, ಹಾಲು ಒಡೆದುಹೋಗುತ್ತೆ” ಎನ್ನುತ್ತಿದ್ದರು.

ನಾನು ಬಿ.ಎಸ್ಸಿ.ಯಲ್ಲಿ ಪಲ್ಟಿ ಹೊಡೆದ ದಿನ ಮನೆಯಲ್ಲಿರಲಾರದೆ ಅವರ ಜಗಲಿಗೆ ಹೋಗಿ ಕೂತೆ. ರಾಯರು ಒಂದು ಕಾಗದ, ಒಂದು ಕುಂಚ ಮುಂದಿಟ್ಟರು.

“ಬೇವಿನ ಎಲೆ ಬರಿ. ಒಂದೊಂದಾಗಿ. ಗುಡ್ಡೆ ಹಾಕಬೇಡ.”

“ಎಷ್ಟು ರಾಯರೇ?”

“ಯಾವ ಸಬ್ಜೆಕ್ಟಲ್ಲಿ ಹೋಯ್ತು ಅನ್ನೋದು ಮರೆಯೋವರೆಗೂ.”

ಊಟದ ಹೊತ್ತಿಗೆ ಮರೆತಿತ್ತು. ಸುಳ್ಳಲ್ಲ, ಕೆಮಿಸ್ಟ್ರಿಯೋ ಫಿಸಿಕ್ಸೋ ಎಂದು ಒಂದು ಕ್ಷಣ ನಿಜವಾಗಿ ತಡಕಾಡಿದೆ. ನನ್ನ ಎಲೆಗಳೆಲ್ಲ ಮೀನಿನ ಹಾಗೆ ಬಂದಿದ್ದವು. ರಾಯರು ಕಾಗದವನ್ನು ಆ ಕಡೆ ಈ ಕಡೆ ತಿರುಗಿಸಿ, “ಪರವಾಗಿಲ್ಲ, ಕೆರೆ ಅಂದ್ಕೊಳ್ಳೋಣ” ಎಂದರು. ಆಮೇಲೆ ಮೆಲ್ಲಗೆ, “ನನಗೂ ಹೀಗೇ ಕಣೋ. ಎಲೆ ಬರೀತಾ ಇದ್ದರೆ ಎದೆ ಮೇಲಿಂದ ಒಬ್ಬರು ಎದ್ದು ಆಚೆ ಹೋದ ಹಾಗಾಗುತ್ತೆ” ಎಂದರು. ಯಾರು ಎಂದು ನಾನು ಕೇಳಲಿಲ್ಲ, ಹಸಿವಾಗಿತ್ತು.

ಲಾಲ್‌ಬಾಗ್ ಅಷ್ಟು ಹತ್ತಿರ, ಅಲ್ಲಿಗೆ ಹೋಗಿ ಕೂತು ಬರೆಯಬಾರದೇ ಎಂದರೆ ಮೂಗು ಮುರಿಯುತ್ತಿದ್ದರು. “ಅಲ್ಲಿರೋವೆಲ್ಲ ಪರ್ಮನೆಂಟ್ ನೌಕರರಯ್ಯಾ. ಎದೆ ಮೇಲೆ ಹೆಸರಿನ ತಗಡು, ನೀರಿಗೆ ಮಾಲಿ, ನೋಡೋಕೆ ಫಾರಿನ್ನಿನವರು. ನನ್ನವೆಲ್ಲ ಟೆಂಪರರಿ. ಟೆಂಪರರಿಯವರನ್ನ ಯಾರಾದರೂ ನೆನೆಸ್ಕೋಬೇಕಲ್ಲ.”

ಎಲ್ಲ ಸರಿ, ಒಂದು ವಿಚಿತ್ರವಿತ್ತು. ರಾಯರ ಮರಗಳಲ್ಲಿ ಹಣ್ಣಿರುತ್ತಿರಲಿಲ್ಲ. ಹಲಸಿನಲ್ಲಿ ಹಲಸಿಲ್ಲ, ಮಾವಿನಲ್ಲಿ ಮಾವಿಲ್ಲ. ನೇರಳೆಯಂತೂ ಬರೀ ಮರವೇ.

“ರಾಯರೇ, ಹಲಸಿನಮರದಲ್ಲಿ ಒಂದಾದರೂ ಹಲಸು ಬಿಡಬಾರದೇ? ನೆಂಟರು ಆಲದಮರ ಅಂದ್ಕೊಂಡು ಪ್ರದಕ್ಷಿಣೆ ಹಾಕ್ತಾರೆ.”

“ಸೀಸನ್ ಅಲ್ಲ” ಎನ್ನುತ್ತಿದ್ದರು. ಯುಗಾದಿಗೆ ಕೇಳಿದರೂ ಸೀಸನ್ ಅಲ್ಲ, ದೀಪಾವಳಿಗೆ ಕೇಳಿದರೂ ಸೀಸನ್ ಅಲ್ಲ.

ಇನ್ನೊಂದು ವಿಚಿತ್ರ. ಬೈರಸಂದ್ರ ನಮಗೆ ಮೈದಾನದಾಚೆ, ನಡೆದರೆ ಕಾಫಿ ಆರುವುದರೊಳಗೆ ಸಿಗುವ ಹಳೆಯ ಊರು. ಅಲ್ಲಿ ಸೊಪ್ಪು, ಅವರೆಕಾಯಿ ಹೊಲದಿಂದ ಆಗತಾನೇ ಕಿತ್ತದ್ದು. ಬೀದಿಯವರೆಲ್ಲ ಅಲ್ಲಿಗೆ ಹೋದರೆ ರಾಯರು ಚೀಲ ಹಿಡಿದು ಬಸ್ಸು ಹತ್ತಿ ಗಾಂಧಿಬಜಾರಿಗೆ ಹೋಗುತ್ತಿದ್ದರು. ಅವರ ಹೆಂಡತಿ ರೇಗಿದ್ದೂ ರೇಗಿದ್ದೇ. ಒಂದು ದಿನ ನಾನೇ ಬಿಡದೆ ಕಾಡಿದೆ. “ಬೈರಸಂದ್ರದಲ್ಲಿ ನಿಮಗೆ ಹಳೇ ಪ್ರೇಮ ಗೀಮ ಏನಾದರೂ...” ಎಂದು ಹಲ್ಲುಕಿರಿದೆ.

ರಾಯರು ಕುಂಚ ತೊಳೆಯುತ್ತಾ ಹೇಳಿದರು.

ಈಗ ಮೈದಾನವಿರುವ ಜಾಗ ಆಗ ಹುಣಸೆತೋಪು. ಬೈರಸಂದ್ರದ ಒಕ್ಕಲಿನವರದು. ಮರ ಕಡಿಯುವ ಮೊದಲು ಯಾವುದು ಹೋಗಬೇಕೋ ಅದಕ್ಕೆ ಸುಣ್ಣದ ಪಟ್ಟೆ ಎಳೆಯಬೇಕು. ರಾಯರ ಕೈಯಲ್ಲಿ ಸುಣ್ಣದ ಡಬ್ಬಿ. ತೋಪಿನ ನಡುವಿನ ದೊಡ್ಡ ಹುಣಸೆಗೆ ಪಟ್ಟೆ ಎಳೆದಾಗ ಆ ಮರದ ಮನೆಯ ಹೆಂಗಸು ಓಡಿಬಂದಳು. ಅಳಲಿಲ್ಲ, ಬೈಯಲಿಲ್ಲ. “ಒಂದ್ ತಿಂಗ್ಳು ತಡೀರಿ ಅಯ್ನೋರೆ. ಕಾಯಿ ಹಣ್ಣಾಗ್ಲಿ. ಉದುರ್ಸ್ಕೊಂಡು ಆಮ್ಯಾಕೆ ನೀವು ಏನಾರ ಮಾಡ್ಕಳಿ” ಎಂದಳು.

“ನಾನು ಏನಂದೆ ಗೊತ್ತಾ? ‘ಆರ್ಡರಿನಲ್ಲಿ ಕಾಯಿ ವಿಷಯ ಇಲ್ಲಮ್ಮಾ’ ಅಂದೆ.”

ಮರುದಿನ ಗರಗಸದವರು ಬಂದರು. ಮರ ಕಾಯಿ ಸಮೇತ ಮಲಗಿತು. ತಮಾಷೆಯೆಂದರೆ, ಆ ಜಾಗಕ್ಕೆ ಇವತ್ತಿನವರೆಗೂ ಮನೆ ಬರಲಿಲ್ಲ, ರಸ್ತೆಯೂ ಬರಲಿಲ್ಲ. ಹುಡುಗರು ಕ್ರಿಕೆಟ್ ಆಡುತ್ತಾರೆ, ಅಷ್ಟೆ.

“ಕಾಯಬಹುದಾಗಿತ್ತು ಕಣೋ” ಎಂದರು ರಾಯರು. “ಒಂದು ತಿಂಗಳೇನು, ಎಷ್ಟು ಬೇಕಾದರೂ ಕಾಯಬಹುದಾಗಿತ್ತು. ಆಕೆ ಎದುರಿಗೆ ಬಂದರೆ ನಾನು ಏನು ಹೇಳಲಿ?”

ನಾನು ಯಾರ ದನಿಯನ್ನಾದರೂ ಕೇಳಿದ ಐದು ನಿಮಿಷಕ್ಕೆ ತಿರುಗಿಸಿ ಆಡಬಲ್ಲೆ. ರಾಯರ ಆ ಹೊತ್ತಿನ ದನಿಯನ್ನು ಮಾತ್ರ ಇದುವರೆಗೂ ಪ್ರಯತ್ನಿಸಿಲ್ಲ.

ಇಷ್ಟು ತಿಳಿದ ನಾನು ಏನು ಮಾಡಿದೆ, ಈಗ ಕೇಳಿ.

ಆ ವರ್ಷ ಗಣೇಶನ ಹಬ್ಬಕ್ಕೆ ನಮ್ಮ ಬೀದಿಯ ತರುಣರ ಸಂಘ ನಾಟಕ ಆಡಬೇಕೆಂದು ತೀರ್ಮಾನವಾಯಿತು. ಸೆಕ್ರೆಟರಿ ಬ್ಯಾಂಕಿನಲ್ಲಿ ಕೆಲಸ ಮಾಡುತ್ತಿದ್ದ, ಹಾಸ್ಯ ನಾಟಕವನ್ನೂ ಆಡಿಟ್ಟಿನ ಮುಖದಲ್ಲೇ ಆಡುವ ಆಸಾಮಿ. ಹೆಣ್ಣು ನೋಡುವ ಪ್ರಸಂಗ. ಅವನು ಗಂಡಿನ ಅಪ್ಪ, ನಾನು ಹೆಣ್ಣಿನ ತಾಯಿ. ನನಗೆ ಆ ಪಾತ್ರ ಕೊಟ್ಟದ್ದು ನಮ್ಮಮ್ಮನ ದನಿ ನನಗೆ ಚೆನ್ನಾಗಿ ಬರುತ್ತದೆಂದು. ಇದು ನಮ್ಮಮ್ಮನಿಗೆ ಗೊತ್ತಿರಲಿಲ್ಲ.

“ಹಿಂದೆ ಒಂದು ಪರದೆ ಬೇಕು ಗುರು” ಎಂದ ಸೆಕ್ರೆಟರಿ. “ಹಾಲು. ಗೋಡೆ, ಕಿಟಕಿ, ಗಡಿಯಾರ. ನಿಮ್ಮ ಗೂಟದ ರಾಯರಿಗೆ ಹೇಳು.”

ಹೇಳಿದೆ. ರಾಯರು, “ಸ್ಟೇಜು ಎಲ್ಲಿ ಹಾಕ್ತೀರಿ?” ಎಂದರು. ಮೈದಾನದಲ್ಲಿ ಎಂದೆ. “ಮೈದಾನದಲ್ಲಿ ಎಲ್ಲಿ?” ಎಂದರು. ನಡುಮಧ್ಯೆ ಎಂದೆ. ಕೈಯಲ್ಲಿದ್ದ ಕುಂಚ ಕೆಳಗಿಟ್ಟು, “ಆಗಲಿ, ಬರೀತೀನಿ. ಮುಗಿಯೋವರೆಗೆ ಒಳಗೆ ಬರಬೇಡ” ಎಂದರು.

ನಾನು ಒಳಗೆ ಹೋಗಲಿಲ್ಲ. ಜಗಲಿಯಲ್ಲಿ ಕೂತು ಅವರ ಹೆಂಡತಿ ಕೊಟ್ಟ ಕೋಡುಬಳೆ ತಿನ್ನುತ್ತಿದ್ದೆ. ಒಳಗಿನಿಂದ ಅಂಟಿನ ವಾಸನೆ, ಬಣ್ಣದ ಪುಡಿಯ ವಾಸನೆ, ಆ ಗುಂಯ್‌ಗುಡುವಿಕೆ. ಎಲೆ ಬರೆಯುವಾಗಿನ ಗುಂಯ್ ಅದು ಎಂದು ನನ್ನ ಕಿವಿಗೆ ತಿಳಿಯಬೇಕಿತ್ತು. ಕೋಡುಬಳೆಯ ಸದ್ದಿನಲ್ಲಿ ತಿಳಿಯಲಿಲ್ಲ. ಪ್ರತಿ ಸಂಜೆ ಸೆಕ್ರೆಟರಿಗೆ ವರದಿ ಒಪ್ಪಿಸುತ್ತಿದ್ದೆ: “ಗೋಡೆ ಎದ್ದಿದೆ.” “ಕಿಟಕಿಗೆ ಸರಳು ಕೂರಿಸ್ತಾ ಇದ್ದಾರೆ.” ರಾಯರ ಮೂಗಿನ ಮೇಲೆ ಹಸಿರು ಅಂಟಿದ್ದು ಕಂಡ ದಿನ, “ಕಿಟಕಿಗೆ ಹಸಿರು ಪೇಂಟು” ಎಂದು ಹೇಳಿದೆ. ಅವನು ಖುಷಿಯಾಗಿ, “ಬೆಸ್ಟು, ನಮ್ಮ ಮ್ಯಾನೇಜರ್ ಮನೇಲೂ ಹಸಿರೇ” ಎಂದ.

ಈ ನಡುವೆ ಜನ ಸೇರಿಸುವ ಹೊಣೆ ನನ್ನದಾಯಿತು. ತಗಡಿನ ತುತ್ತೂರಿ ಹಿಡಿದು, ತಮಟೆ ಸಾರುವವನ ದನಿಯಲ್ಲಿ ಕೂಗುತ್ತಾ ಬೀದಿ ಬೀದಿ ತಿರುಗಿದೆ. ಹುಮ್ಮಸ್ಸು ಹೆಚ್ಚಾಗಿ ಬೈರಸಂದ್ರಕ್ಕೂ ನುಗ್ಗಿದೆ. “ಅಜ್ಜ ಅಜ್ಜಿಯರಿಗೆ ಮುಂದಿನ ಚಾಪೆಯಪ್ಪೋ!” ಎಂದು ಸಾರಿದ್ದೇ ಸಾರಿದ್ದು. ಜಗಲಿಯಲ್ಲಿ ಸೊಪ್ಪಿನ ಕಡ್ಡಿ ಆರಿಸುತ್ತಾ ಕೂತಿದ್ದ ಒಬ್ಬ ಅಜ್ಜಿ, “ಎಲ್ಲಿ ಮಗ ನಾಟ್ಕ?” ಎಂದಳು. “ಮೈದಾನದಲ್ಲಿ ಅಜ್ಜೀ.” “ಮೈದಾನ ಅಂದ್ರೆ, ನಮ್ ತೋಪಲ್ಲಾ?” “ಅದೇ ಅದೇ” ಎಂದು ಮುಂದಿನ ಮನೆಗೆ ಹೋದೆ. ಆಗಲಾದರೂ ಹೊಳೆಯಬೇಕಿತ್ತಲ್ಲ! ಇಲ್ಲ. ಬಾಯಿ ಕೆಲಸ ಮಾಡುವಾಗ ನನಗೆ ಉಳಿದದ್ದೆಲ್ಲ ರಜೆ.

ನಾಟಕದ ಮಧ್ಯಾಹ್ನ ರಾಯರು ಪರದೆಯನ್ನು ಸುತ್ತಿ ಇಬ್ಬರು ಹುಡುಗರ ಹೆಗಲ ಮೇಲೆ ಹೊರಿಸಿಕೊಂಡು, ಮೂಲೆಯಲ್ಲಿ ನೆಟ್ಟಗೆ ತಿರುಗಿಸಿಕೊಂಡು ತಂದರು. ಬಿಚ್ಚಿ ಕಟ್ಟಿದೆವು.

ಹುಣಸೆಮರ. ಬುಡ ಸ್ಟೇಜಿನ ಹಲಗೆಗೆ ಕೂತಿದೆ, ಕೊಂಬೆ ಎರಡೂ ಕಡೆ ಚಾಚಿ ಪರದೆ ಮೀರಿ ಹೋಗುವ ಹಾಗಿದೆ. ಎಲೆ, ಎಲೆ, ಎಲೆ. ಒಂದೊಂದೂ ಬೇರೆ ಬೇರೆ. ಕಾಯಿ ಒಂದೂ ಇಲ್ಲ.

ಸೆಕ್ರೆಟರಿ ನನ್ನ ಕಡೆ ತಿರುಗಿದ. “ಕಿಟಕಿ ಎಲ್ಲಿ?”

ನಾನು ಮರದ ಕಡೆ ತಿರುಗಿದೆ, ಎಲ್ಲಾದರೂ ಇದ್ದೀತೇನೋ ಎಂಬಂತೆ.

“ಸಾರ್” ಎಂದ ಅವನು ರಾಯರಿಗೆ, “ಹಾಲು ಹೇಳಿದ್ದೆ.”

“ಹಾಲು ಎಲ್ಲಿತ್ತಯ್ಯಾ ಈ ಜಾಗದಲ್ಲಿ?” ಎಂದರು ರಾಯರು, ನಿಜವಾಗಿ ಅಚ್ಚರಿಪಟ್ಟು. “ಇದ್ದದ್ದು ಇದು. ಈ ಕಂಬದಿಂದ ಆ ಕಂಬಕ್ಕೆ ಗುರುತು ಹಿಡಿದು ಬರೆದಿದ್ದೀನಿ. ಬುಡ ಸರಿಯಾಗಿ ಅದರ ಜಾಗದಲ್ಲೇ ಕೂತಿದೆ ನೋಡು.”

“ಸಾರ್, ನಾವು ಹೆಣ್ಣು ನೋಡೋಕೆ ಬರೋದು ಸಾರ್, ಕೋತಿ ಹಿಡಿಯೋಕಲ್ಲ!”

ಸುತ್ತ ನಿಂತವರು ನಕ್ಕರು. ಹಾಳು ಅಭ್ಯಾಸ, ನಾನೂ ನಕ್ಕೆ. ರಾಯರು ನಗಲಿಲ್ಲ. ಪರದೆಯ ಒಂದು ತುದಿಯ ಗಂಟು ಬಿಚ್ಚಲು ಹೊರಟರು. “ತಗೊಂಡು ಹೋಗ್ತೀನಿ” ಎಂದರು. “ನನ್ನದೇ ತಪ್ಪು. ಇನ್ನು ಸಾಕು, ಬರೆಯೋದೇ ಸಾಕು.” ಗಂಟು ಬಿಚ್ಚುವ ಬೆರಳಿನ ಉಗುರಿನ ಸಂದಿಯಲ್ಲಿ ಹಸಿರು ಹಾಗೇ ಇತ್ತು. ಈ ಮನುಷ್ಯ ಎಲೆ ಬರೆಯುವುದು ಬಿಟ್ಟರೆ ಎದೆ ಮೇಲೆ ಕೂತವರನ್ನು ಎಬ್ಬಿಸುವವರು ಯಾರು ಎಂದು ನನಗೆ ಆ ಬೆರಳು ನೋಡಿ ಹೊಳೆಯಿತು. ಪರದೆಯ ತುದಿ ಹಿಡಿದುಕೊಂಡೆ.

“ಪರದೆ ತೆಗೆದರೆ ಹಿಂದೆ ಏನು ಕಾಣುತ್ತೆ ನೋಡಿದ್ದೀಯಾ?” ಎಂದೆ ಸೆಕ್ರೆಟರಿಗೆ.

ನೋಡಿದ. ಹಿಂದೆ ಹಾಲಿನವನ ಕೊಟ್ಟಿಗೆ, ನಾಲ್ಕಾರು ಎಮ್ಮೆ.

“ಮರವೋ, ಎಮ್ಮೆಯೋ, ಬೇಗ ಹೇಳು.”

ಬ್ಯಾಂಕಿನವನು, ಲೆಕ್ಕ ಹಾಕಿದ. “ಮರ” ಎಂದ, ಹಲ್ಲು ಕಚ್ಚಿ.

ಹಾಗೆ ಹುಣಸೆಮರದ ಕೆಳಗೆ ಡಾಕ್ಟರ ಮನೆಯಿಂದ ಎರವಲು ತಂದ ಸೋಫಾ ಬಂತು. ಸೀರಿಯಲ್ ಬಲ್ಬು ಹತ್ತಿದವು. ಮೈದಾನ ತುಂಬಿತು. ಮುಂದಿನ ಚಾಪೆಗಳಲ್ಲಿ ಬೈರಸಂದ್ರದವರು, ಹಿಂದೆ ಕುರ್ಚಿಗಳಲ್ಲಿ ಬೀದಿಯವರು, ಎಲ್ಲಕ್ಕಿಂತ ಹಿಂದೆ ಲೈಟುಕಂಬಕ್ಕೆ ಒರಗಿ ಕೊಡೆ ಹಿಡಿದು ರಾಯರು.

ಮುಂದಿನ ಕರ್ಟನ್ ಎದ್ದಿತು. ಸಭೆಯ ಮುಂಭಾಗದಿಂದ ಒಂದು “ಓ...” ಬಂತು. ನನ್ನ ಸೀರೆಗೆಂದು ತಿಳಿದು ನಾನು ಸೆರಗು ಸರಿಮಾಡಿಕೊಂಡೆ.

ಗಂಡಿನ ಅಪ್ಪ ಬಂದ. ನಾಟಕದ ಪ್ರಕಾರ ಅವನು ಗಿಡ್ಡ ಬಾಗಿಲಿಗೆ ತಲೆ ಹೊಡೆಸಿಕೊಳ್ಳಬೇಕು. ಹೊಡೆಸಿಕೊಂಡ, ಗಾಳಿಗೆ. “ಎಂಥಾ ಬಾಗಿಲು ಸ್ವಾಮಿ!” ಎಂದು ಹಣೆ ಉಜ್ಜಿಕೊಂಡ. ಜನ ಬಿದ್ದು ಬಿದ್ದು ನಕ್ಕರು. “ಫ್ಯಾನು ಹಾಕಿ” ಎಂದ. “ಫ್ಯಾನು ಯಾಕೆ ಬೀಗರೇ, ಇಷ್ಟು ದೊಡ್ಡ ಮರ ಬೀಸ್ತಾ ಇದೆಯಲ್ಲ” ಎಂದೆ ನಮ್ಮಮ್ಮನ ದನಿಯಲ್ಲಿ. ಮತ್ತೆ ನಗು. ಹೆಂಗಸರ ಸಾಲಿನಿಂದ ನಮ್ಮಮ್ಮ ಎದ್ದು, “ನಾನೆಲ್ಲೋ ಹಾಗೆ ಮಾತಾಡ್ತೀನಿ!” ಎಂದು ಕೂಗಿದಳು, ಥೇಟು ಹಾಗೇ. ಆ ನಗುವಿಗೆ ಎಮ್ಮೆಗಳೂ ಎದ್ದು ನಿಂತವು.

ಆಗ ಮುಂದಿನ ಚಾಪೆಯಿಂದ ಬಂತು: “ಏ ಯಮ್ಮಾ! ಒಸಿ ಅತ್ಲಾಗ್ ಸರ್ಕೊ. ಮರ ಕಾಣಕಿಲ್ಲ.”

ಒಂದು ಹೆಜ್ಜೆ ಸರಿದೆ.

“ಈಗ ಕೊಂಬೇಗ್ ಅಡ್ಡ ಬಂದೆ. ಕೂತ್ಕಳೇ ಅತ್ಲಾಗೆ! ನಿನ್ ಮಗಳ್ ಮದ್ವೆ ನಾಳೀಕ್ ಮಾತಾಡ್ಬೌದು.”

ಮೈದಾನ ಅಲುಗಾಡಿತು. ಸೆಕ್ರೆಟರಿ ಪಾತ್ರ ಬಿಡದೆ, “ಯಾರು ಬೀಗಿತ್ತಿ ಇವರು?” ಎಂದು ಕೇಳಿದ. “ನಮ್ಮ ಮನೆ ಹಿರಿಯರು, ಬನ್ನಿ ಬನ್ನಿ” ಎಂದು ನಾನು ಕೈಚಾಚಿದೆ, ತಮಾಷೆಗೆ. ಅಜ್ಜಿ ನಿಜವಾಗಿಯೂ ಬಂದಳು. ನನ್ನ ಕೈ ಹಿಡಿದು ಸ್ಟೇಜು ಹತ್ತಿ, ಸೋಫಾದಲ್ಲಿದ್ದ ಗಂಡಿನ ಅಪ್ಪನ ಕಾಲು ದಾಟಿಕೊಂಡು, ನೆಟ್ಟಗೆ ಪರದೆಯ ಹತ್ತಿರ ಹೋಗಿ ಬುಡದ ಮೇಲೆ ಅಂಗೈ ಇಟ್ಟಳು. ಕೈಗೆ ಹಸಿರು ಮಿಶ್ರಿತ ಕಂದು ಪುಡಿ ಅಂಟಿತು.

“ಇದು ನಮ್ ದೊಡ್ಡುಣಸೆ ಕಣ್ರೋ” ಎಂದಳು ಊರಿನವರ ಕಡೆ ತಿರುಗಿ. “ನೋಡ್ರೋ, ಈ ಗಂಟು. ನಮ್ ತಮ್ಮ ಬಿದ್ದು ಹಲ್ಲು ಮುರ್ಕಂಡಿದ್ದು ಈ ಕೊಂಬೆಯಿಂದ್ಲೇಯ!”

ಹಲ್ಲಿಲ್ಲದ ತಮ್ಮ ಚಾಪೆಯಿಂದ ಎದ್ದು, “ಅದಲ್ಲ ಕಣಕ್ಕ, ಅದ್ರ ಮ್ಯಾಲಿಂದು” ಎನ್ನುತ್ತಾ ಹತ್ತಿದ. ಅವನ ಹಿಂದೆ ಇನ್ನಿಬ್ಬರು. ಅವರ ಹಿಂದೆ ಅರ್ಧ ಊರು. ನಮ್ಮ ಹೆಣ್ಣು ನೋಡುವ ಶಾಸ್ತ್ರಕ್ಕೆ ಅಷ್ಟು ನೆಂಟರು ಬಂದದ್ದು ಅದೇ ಮೊದಲು. ಸೆಕ್ರೆಟರಿ ಪಾತ್ರ ಬಿಟ್ಟು, “ಕರ್ಟನ್! ಕರ್ಟನ್!” ಎಂದು ಹಗ್ಗ ಎಳೆದ. ಹಗ್ಗ ಅವನ ಕೈಗೆ ಬಂತು, ಕರ್ಟನ್ ಬರಲಿಲ್ಲ.

“ಇದ್ನ ಬರ್ದೋರ್ ಯಾರು?” ಎಂದಳು ಅಜ್ಜಿ.

ಆಗ, ಆಗ ಮಾತ್ರ, ನನಗೆ ತೋಪು, ಸುಣ್ಣ, ಕಾಯಿ ಎಲ್ಲ ಒಟ್ಟಿಗೆ ನೆನಪಾಯಿತು. ಲೈಟುಕಂಬದ ಕಡೆ ನೋಡಿದೆ. ರಾಯರು ಹೊರಟಿದ್ದರು. ಎಂದೂ ಅಡ್ಡದಾರಿ ಹಿಡಿಯದ ಮನುಷ್ಯ ಮೈದಾನಕ್ಕೆ ಅಡ್ಡವಾಗಿ, ಯಾರ ಬೆಡ್‌ರೂಮು ಯಾರ ಅಡುಗೆಮನೆ ಎಂದು ನೋಡದೆ, ಮನೆಯ ಕಡೆ ದಾಪುಗಾಲು ಹಾಕುತ್ತಿದ್ದರು. ನನ್ನ ಮುಖ ಆ ಕಡೆ ತಿರುಗಿದ್ದೇ ಸಾಕಾಯಿತು, ಎಲ್ಲರ ಮುಖವೂ ತಿರುಗಿತು. ಕುರ್ಚಿಗಳ ಮೊದಲ ಸಾಲಿನಲ್ಲಿದ್ದ ಅವರ ಹೆಂಡತಿ, “ಇವರೇ, ಕರೀತಾ ಇದ್ದಾರೆ ನೋಡಿ!” ಎಂದು ಜೋರಾಗಿ ಕೂಗಿದರು.

ರಾಯರು ನಿಂತರು. ತಿರುಗಿ ಬಂದರು. ಜನ ದಾರಿ ಬಿಟ್ಟರು. ಸ್ಟೇಜಿನ ಕೆಳಗೆ ಬಂದು ಕೊಡೆಯನ್ನು ಎರಡೂ ಕೈಯಲ್ಲಿ ಹಿಡಿದು ತಲೆ ಎತ್ತಿದರು. ಅಜ್ಜಿ ಬಗ್ಗಿ ಬಲ್ಬಿನ ಬೆಳಕಿನಲ್ಲಿ ಅವರ ಮುಖವನ್ನು ಹುಡುಕಿ ಹುಡುಕಿ ನೋಡಿದಳು. ಸೋಫಾದ ಹಿಂದೆ ನಾನು ಚೌರಿ ಹಿಡಿದುಕೊಂಡು ನಿಂತಿದ್ದೆ.

“ಸುಣ್ಣದ್ ಡಬ್ಬಿ ಅಯ್ನೋರಲ್ವಾ?”

“ಹೌದಮ್ಮಾ.”

“ಎಲೆ ಎಲ್ಲಾ ಸರ್ಯಾಗ್ ಬರ್ದಿದ್ದೀರಿ. ಕಾಯಿ ಯಾಕ್ ಬರ್ದಿಲ್ಲ?”

ರಾಯರು ಬಾಯಿ ತೆರೆದರು. ಸೀಸನ್ ಅಲ್ಲ ಎನ್ನುತ್ತಾರೆಂದು ನಾನು ಕಾದೆ. ಅನ್ನಲಿಲ್ಲ. “ಕೈ ಬರಲಿಲ್ಲಮ್ಮಾ” ಎಂದರು.

ನಮ್ಮ ಸಂಘ ಆಮೇಲೆ ಎಷ್ಟೋ ನಾಟಕ ಆಡಿತು. ರಾಜಸಭೆ, ಜೈಲು, ರೈಲ್ವೆ ಸ್ಟೇಷನ್, ಎಲ್ಲವೂ ಆ ಒಂದೇ ಪರದೆಯ ಮುಂದೆ ನಡೆದವು, ಏಕೆಂದರೆ ಬೈರಸಂದ್ರದವರು ಬೇರೆ ಪರದೆ ಕಟ್ಟಲು ಬಿಡುತ್ತಿರಲಿಲ್ಲ. ಮೊನ್ನೆ ಬಿಚ್ಚಿ ನೋಡಿದೆ. ಬಣ್ಣ ಅಲ್ಲಲ್ಲಿ ಉದುರಿದೆ. ಆದರೆ ಕೊಂಬೆಕೊಂಬೆಗೂ ಗೊಂಚಲು ಗೊಂಚಲಾಗಿ ಹುಣಸೆಹಣ್ಣು, ಸೊಟ್ಟಗೆ, ಡೊಂಕಾಗಿ, ಸಿಪ್ಪೆ ಬಿರಿದದ್ದು ಕೂಡ. ನಮ್ಮ ಮನೆಯ ಹಲಸಿನಮರಕ್ಕೂ ಆ ವರ್ಷವೇ ಹಲಸು ಬಿಟ್ಟಿತು. ಅಷ್ಟಕ್ಕೂ ಕಾರಣ ಆ ಸಂಜೆ ಅಜ್ಜಿ ಸ್ಟೇಜಿನ ಮೇಲಿಂದ, ಕೈಯಲ್ಲಿದ್ದ ಬಣ್ಣದ ಪುಡಿಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾ ಹೇಳಿದ ಮಾತು:

“ಒಂದ್ ತಿಂಗ್ಳು ತಡೀರಿ ಅಂದಿದ್ದೆ ಅಯ್ನೋರೆ, ನೀವು ಇಷ್ಟ್ ವರ್ಸ ತಡ್ದಿದ್ದೀರಿ. ಈಗ ಹಣ್ಣಾಗಿರ್ತವೆ, ಬರೀರಿ.”